ತೊಗಲು, ಬಟ್ಟೆ, ಬಿಸಿಲು

"ನಿಮ್ ತೊಗಲಿಗೆ ಬಿಸ್ಲು ಹತ್ತಂಗಿಲ್ಲ ಬಿಡ್ರಲೇ."

ಕೂಡ್ಲಿಗಿ ಸೀಮೆಯ ಶೇಂಗಾ ಹೊಲಗಳ ಬದುವಿನಲ್ಲಿ, ಗಿಡದ ನೆರಳಿಗೆ ಕುಂತವರ ಬಾಯಿಂದ ಈ ಮಾತು ಕೇಳುತ್ತಲೇ ಬೆಳೆದವನು ನಾನು. ನಮ್ಮ ಮನೆಯಲ್ಲಿ ಡಿಗ್ರಿ ಓದಿದ ಮೊದಲನೆಯವನು. ಆ ಮಾತಿಗೆ ಉತ್ತರ ಕೊಡಬೇಕಾಗಿದೆ.

ಕಪ್ಪು ತೊಗಲಿನ ಮೆಲನಿನ್ ನೇರಳಾತೀತ ಕಿರಣವನ್ನು ಒಂದಿಷ್ಟು ತಡೆಯುತ್ತದೆ, ನಿಜ. ಆದರೆ ನೆಲ ಮುಟ್ಟುವ ಬಿಸಿಲಿನ ಶಕ್ತಿಯಲ್ಲಿ ಆ ಕಿರಣದ ಪಾಲು ನೂರಕ್ಕೆ 5ರ ಆಸುಪಾಸು. ಮಿಕ್ಕಿದ್ದು ಕಣ್ಣಿಗೆ ಕಾಣುವ ಬೆಳಕು, ಕಾಣದ ಅವಕೆಂಪು. ಕಾಣುವ ಬೆಳಕನ್ನು ಕಪ್ಪು ಮೈ ಬಿಳಿ ಮೈಗಿಂತ ಹೆಚ್ಚೇ ಹೀರುತ್ತದೆ. ನಮಗೂ ಹತ್ತುತ್ತದೆ ಸಾವ್ಕಾರರೇ, ಒಂದು ಗುಲಗಂಜಿ ಹೆಚ್ಚೇ ಹತ್ತುತ್ತದೆ.

ಬರಿಮೈಯಲ್ಲಿ ದುಡಿದ ನನ್ನ ಅಜ್ಜನನ್ನು ನೋಡಿ 'ಸೆಕೆಗೆ ಹಂಗಿರ್ತಾರೆ' ಅಂದವರಿದ್ದಾರೆ. ಮೇಲ್ಗೇರಿಯಲ್ಲಿ ಅವನು ಅಂಗಿ ತೊಟ್ಟು ನಡೆಯುವಂತಿರಲಿಲ್ಲ ಅನ್ನುವುದನ್ನು ಅವರು ಹೇಳುವುದಿಲ್ಲ. ತಿರುವಾಂಕೂರಿನಲ್ಲಿ ಚಾನ್ನಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳಲು ರಾಜಾಜ್ಞೆ ಬರಬೇಕಾಯಿತು, 1859ರಲ್ಲಿ. ಅದೂ ಮೇಲ್ಜಾತಿಯವರ ಹಾಗೆ ಉಡಕೂಡದೆಂಬ ಷರತ್ತಿನ ಮೇಲೆ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ನಮ್ಮ ತಾಯಂದಿರಿಗೆ ಸೀರೆ ಉಡುವ ರೀತಿ ಬದಲಿಸಿರೆಂದು ಹೇಳಿದ್ದು ಸುಮ್ಮನೆ ಅಲ್ಲ.

ಈಗ ಕೊಟ್ಟೂರು, ಹರಪನಹಳ್ಳಿ ದಾರಿಯ ಮೆಕ್ಕೆಜೋಳದ ಹೊಲಗಳಲ್ಲಿ ನೋಡಿ. ಸೀರೆ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು. ನನ್ನವ್ವನೂ ಹಂಗೇ. "ಅಂಗಿ ಇಲ್ದಿದ್ರೆ ತೋಳು ಉರೀತಾವಪ್ಪ, ರವದಿ ಬ್ಯಾರೆ ಕೊಯ್ತೈತಿ" ಅಂತಾಳೆ. ಅವಳಿಗೆ ಇದನ್ನು ಯಾವ ಮಾಸ್ತರೂ ಕಲಿಸಲಿಲ್ಲ.

ಮಾಸ್ತರು ಕಲಿಸುವುದು ಕಪ್ಪು ಬಟ್ಟೆ ಕಾವು ಹೀರುತ್ತದೆ, ಬಿಳಿ ಬಟ್ಟೆ ತಿರುಗಿಸುತ್ತದೆ ಅಂತ. ಪಾಠ ಸರಿ, ಪೂರ್ತಿ ಅಲ್ಲ. ಮರುಭೂಮಿಯ ಬೆಡೂಯಿನರು ಕಪ್ಪು ನಿಲುವಂಗಿ ಯಾಕೆ ತೊಡುತ್ತಾರೆಂದು ಅಳೆದು ನೋಡಿದವರ ವರದಿ 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಕಪ್ಪು ಬಟ್ಟೆ ಹೆಚ್ಚು ಕಾದರೂ ಮೈಗೆ ಮುಟ್ಟುವ ಕಾವು ಬಿಳಿಯದರಷ್ಟೇ. ಬಟ್ಟೆ ಸಡಿಲವಿದ್ದು ಒಳಗೆ ಗಾಳಿಯಾಡಿದರೆ ಹೀರಿದ ಕಾವು ಅಲ್ಲೇ ಹಾರಿಹೋಗುತ್ತದೆ. ಅವ್ವನಿಗೆ ಅಪ್ಪನ ಅಂಗಿ ದೊಗಳೆ. ಅದೇ ಒಳ್ಳೇದಾಯ್ತು.

ತೊಂದರೆ ನೂಲಿನದು. ಸಂತೆಯಲ್ಲಿ ಅಗ್ಗಕ್ಕೆ ಸಿಗುವುದು ಪಾಲಿಯೆಸ್ಟರು. ನೇರಳಾತೀತವನ್ನು ಅದು ಚೆನ್ನಾಗೇ ತಡೆಯುತ್ತದೆ, ಬೆವರು ಮಾತ್ರ ಕುಡಿಯುವುದಿಲ್ಲ, ಬೆನ್ನಿಗೆ ಅಂಟುತ್ತದೆ. ಬೆವರು ಆರಿದರೇ ಮೈ ತಣಿಯೋದು. ತೆಳು ಬಿಳಿ ಹತ್ತಿಯೂ ಬೆವರಿಗೆ ತೊಯ್ದರೆ ಕಿರಣವನ್ನು ಇನ್ನಷ್ಟು ಒಳಬಿಡುತ್ತದೆ. ಬೇಕಾದ್ದು ಒತ್ತು ನೇಯ್ಗೆಯ ಸಡಿಲ ಹತ್ತಿ ಅಂಗಿ. ಹತ್ತಿ ಬಿಡಿಸುವ ಕೈಗಳಿಗೆ ಅದು ತುಟ್ಟಿ.

ಮೈ ಮುಚ್ಚಿದರೆ ಡಿ ಜೀವಸತ್ವ ಹುಟ್ಟುವುದು ಕಡಿಮೆ, ಕಪ್ಪು ತೊಗಲಿಗೆ ಅದಕ್ಕೆ ಹೆಚ್ಚು ಹೊತ್ತೂ ಬೇಕು. ಅದರ ಪಾಠವನ್ನು ನೆರಳಲ್ಲಿ ಕುಂತವರಿಗೆ ಮೊದಲು ಹೇಳಿ.

ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ಆದೇಶ ಹೊರಡುವುದುಂಟು. ಫ್ಯಾನಿನ ಕೆಳಗೆ ಕುಂತವರಿಗೆ ಬಿಸಿಲು ಹತ್ತುತ್ತದೆಂದು ಸರ್ಕಾರಕ್ಕೆ ಗೊತ್ತು. ಹಗರಿಬೊಮ್ಮನಹಳ್ಳಿ, ಹಡಗಲಿ ಹೊಲಗಳ ಕೂಲಿಗಳಿಗೂ ಹನ್ನೆರಡರಿಂದ ಮೂರರ ತನಕ ಬಿಡುವು ಕೊಡಲಿ, ಕುಡಿಯಲು ನೀರಿಡಲಿ, ವರ್ಷಕ್ಕೆರಡು ಹತ್ತಿ ಅಂಗಿ ಕೊಡಲಿ. ಕೂಲಿ ಹಿಡಿಯಬಾರದು.