ಕದಂಬ ಬಸ್ಸಿನ ಕಿಟಕಿಯಿಂದ

ಮದುವೆಯಾಗಿ 28 ವರ್ಷವಾಗಿತ್ತು. ಸಮುದ್ರ ನೋಡಲೆಂದೇ ನಾವಿಬ್ಬರೂ ಹೊರಟದ್ದು ಇದೇ ಮೊದಲು. ಗೋಕರ್ಣಕ್ಕೆ ಹೋಗಿದ್ದೆವು, ಅದು ಅಪ್ಪನ ಅಸ್ಥಿ ಬಿಡಲು. ಕಡಲನ್ನು ಕಂಡರೂ ನೋಡಿರಲಿಲ್ಲ. ಈ ಸಲ ಮಗಳು ತನ್ನ ಮೊದಲ ಸಂಬಳದಲ್ಲಿ ಪಣಜಿಯಲ್ಲಿ ಕೋಣೆ ಹಿಡಿದುಕೊಟ್ಟು ನಮ್ಮನ್ನು ಮನೆಯಿಂದ ಹೊರದಬ್ಬಿದಳು.

“ನಾಕು ದಿನಾ ದಂಡಿ ಮ್ಯಾಲೆ ಸುಮ್ಮ ಕೂಡೂದ್ರಿ. ಗುಡಿ, ಶಾಸನ, ಹಾಳುಕ್ವಾಟಿ ಅಂತ ನನ್ನ ಎಳದಾಡಬ್ಯಾಡ್ರಿ” ಎಂದು ಧಾರವಾಡ ಬಿಡುವ ಮೊದಲೇ ಹೆಂಡತಿ ಕರಾರು ಹಾಕಿದ್ದಳು. ಕರಾರು ಮುರಿದವಳು ಅವಳೇ.

ಅಳ್ನಾವರ, ಲೋಂಡಾ, ರಾಮನಗರ ದಾಟಿ ಅನಮೋಡ ಘಟ್ಟ ಇಳಿದರೆ ಮೊಲ್ಲೆಂ. ಅಲ್ಲಿ ‘ತಾಂಬಡಿ ಸುರ್ಲಾ’ ಎಂಬ ಫಲಕ ಕಂಡು, “ಮಹಾದೇವನ ಗುಡಿ ಅಂತ, ಕೈ ಮುಗದು ಹೋಗೂಣು” ಎಂದಳು. ಕಾಡಿನ ದಾರಿ. ಕಾರು ನಿಲ್ಲಿಸಿ ಹಳ್ಳದ ಸಪ್ಪಳ ಕೇಳುತ್ತ ನಡೆದರೆ, ಮರಗಳು ಒಮ್ಮೆಲೇ ಹಿಂದೆ ಸರಿದು ಹಸಿರಿನ ನಡುವೆ ಕರಿಯ ಕಲ್ಲಿನ ಪುಟ್ಟ ಗುಡಿ. ನಾವಿಬ್ಬರೂ ಮಾತಾಡಲಿಲ್ಲ. ಗೋವೆಯಲ್ಲಿ ಎಲ್ಲಿ ಅಗೆದರೂ ಸಿಗುವುದು ಜಂಬಿಟ್ಟಿಗೆ. ಈ ಕರಿಗಲ್ಲು ಘಟ್ಟದ ಮೇಲಿನಿಂದ ಬಂದದ್ದು ಎನ್ನುತ್ತಾರೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಕಟ್ಟಡ. ಮಂಟಪದ ಚಾವಣಿಯಲ್ಲಿ ಕಮಲ ಅರಳಿದೆ, ಕಂಬವೊಂದರ ಬುಡದಲ್ಲಿ ಆನೆ ಕುದುರೆಯನ್ನು ತುಳಿಯುತ್ತಿದೆ, ನಂದಿಗೆ ತಲೆಯಿಲ್ಲ. ಕದಂಬರ ಕಾಲದ ಗುಡಿಗಳಲ್ಲಿ ಗೋವೆಯಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಉಳಿದದ್ದು ಇದೊಂದೇ. ಕಾಡು ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿತ್ತು.

ಕಂಬವನ್ನು ಅಂಗೈಯಿಂದ ಸವರುತ್ತ ಅವಳು, “ರೀ, ದೇಗಾಂವಿ ನೆನಪಾತಿಲ್ಲೋ?” ಎಂದಳು. ಕಿತ್ತೂರಿನ ಹತ್ತಿರದ ದೇಗಾಂವಿಗೆ ನಾವು ಎಷ್ಟು ಸಲ ಹೋಗಿಲ್ಲ! ಅಲ್ಲಿಯ ಕಮಲನಾರಾಯಣ ಗುಡಿಯನ್ನು 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲಾದೇವಿ ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ. ಪುಸ್ತಕದಲ್ಲಿ ಓದಿದ್ದೆ. ಆದರೆ ‘ಗೋವೆಯ’ ಎಂಬ ಶಬ್ದದೊಳಗೆ ಇಷ್ಟು ದೊಡ್ಡ ಘಟ್ಟ, ಇಷ್ಟು ಕಾಡು, ಅದರಾಚೆ ಒಂದು ಸಮುದ್ರ ಇದೆಯೆಂದು ಮೈಗೆ ತಾಕಿದ್ದು ಆ ಗಳಿಗೆಯಲ್ಲಿ. ನಮ್ಮ ಬೆಳವಲದ ಹೊಲಗಳಿಗೂ ಈ ಕಡಲಿಗೂ ಒಬ್ಬನೇ ಒಡೆಯನಿದ್ದ.

ಪಣಜಿಯಲ್ಲಿ ಇಳಿದ ಮೇಲೆ ಕದಂಬರ ಹೆಸರು ನಮ್ಮನ್ನು ಬಿಡಲೇ ಇಲ್ಲ. ಸರಕಾರಿ ಬಸ್ಸುಗಳ ಮೈಮೇಲೆಲ್ಲ ‘ಕದಂಬ’. 1980ರಲ್ಲಿ ಸಾರಿಗೆ ನಿಗಮ ಕಟ್ಟಿದಾಗ ಇಟ್ಟ ಹೆಸರಂತೆ. ನಮ್ಮಲ್ಲಿ ಕದಂಬರು ಬನವಾಸಿಯ ಉತ್ಸವದಲ್ಲಿ ನೆನಪಾಗುತ್ತಾರೆ. ಇಲ್ಲಿ ದಿನಾ ಬೆಳಿಗ್ಗೆ ಮೀನಿನ ಬುಟ್ಟಿ, ಶಾಲೆಯ ಹುಡುಗರು, ಮಾಪುಸಾ ಸಂತೆಗೆ ಹೊರಟ ಹೆಂಗಸರನ್ನು ಹೊತ್ತು ಓಡುತ್ತಾರೆ.

ಅದೇ ಬಸ್ಸು ಹತ್ತಿ ಓಲ್ಡ್ ಗೋವಾಕ್ಕೆ ಹೋದೆವು. 1605ರಲ್ಲಿ ಪೂರ್ಣಗೊಂಡ ಬೋಮ್ ಜೀಸಸ್ ಬೆಸಿಲಿಕಾ ಗಿಲಾವಿಲ್ಲದೆ ಕೆಂಪಗೆ ನಿಂತಿದೆ. ಒಳಗೆ ಬೆಳ್ಳಿಯ ಪೆಟ್ಟಿಗೆಯಲ್ಲಿ, 1552ರಲ್ಲಿ ಚೀನಾದ ತೀರದ ದ್ವೀಪವೊಂದರಲ್ಲಿ ತೀರಿಕೊಂಡ ಫ್ರಾನ್ಸಿಸ್ ಕ್ಸೇವಿಯರ್. ರಸ್ತೆಯಾಚೆಯ ಸೆ ಕೆಥೆಡ್ರಲ್ಲಿಗೆ ಒಂದೇ ಗೋಪುರ. ಇನ್ನೊಂದು 1776ರಲ್ಲಿ ಬಿತ್ತು. ಇವು ಎಲ್ಲರೂ ನೋಡುವಂಥವು, ನಾವೂ ನೋಡಿದೆವು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ.

ಸೇಂಟ್ ಕಜೆಟನ್ ಚರ್ಚಿನ ಪಕ್ಕದಲ್ಲಿ ಮನೆಯಿಲ್ಲದ ಬಾಗಿಲುವಾಡವೊಂದು ನಿಂತಿದೆ. ಬಿಜಾಪುರದ ಆದಿಲಶಾಹಿಗಳ ಅರಮನೆಯಲ್ಲಿ ಉಳಿದದ್ದು ಅಷ್ಟೇ. ಆ ಕಲ್ಲು ಅದಕ್ಕೂ ಹಿಂದಿನ ಯಾವುದೋ ಗುಡಿಯದು. 1510ರಲ್ಲಿ ಊರು ಪೋರ್ಚುಗೀಸರ ಅಲ್ಬುಕರ್ಕನ ಪಾಲಾದ ಮೇಲೆ ಅದೇ ಅರಮನೆಯಲ್ಲಿ ಪೋರ್ಚುಗೀಸ್ ವೈಸರಾಯರು ಇದ್ದರು. ಅಲ್ಬುಕರ್ಕನನ್ನು ಗೋವೆಯ ಮೇಲೆ ಏರಿಹೋಗಲು ಹುರಿದುಂಬಿಸಿದವನು ಹೊನ್ನಾವರದ ತಿಮ್ಮೋಜ. ಈ ಕಥೆಯಲ್ಲಿ ನಮ್ಮವರು ಬಾಗಿಲಿನ ಎರಡೂ ಕಡೆ ಇದ್ದಾರೆ. ಹೆಂಡತಿ ಆ ಹೊಸ್ತಿಲು ದಾಟಿ ಆಚೆ ಹೋಗಿ, ಮತ್ತೆ ಈಚೆ ಬಂದು, “ಒಳಗ್ಯಾವದು, ಹೊರಗ್ಯಾವದು?” ಎಂದು ನಕ್ಕಳು.

ಪುರಾತತ್ವ ಇಲಾಖೆಯ ಮ್ಯೂಸಿಯಂನಲ್ಲಿ ವೈಸರಾಯರ ಆಳೆತ್ತರದ ಚಿತ್ರಗಳ ಸಾಲುಸಾಲು. ಎಲ್ಲರಿಗೂ ಒಂದೇ ಗಡ್ಡವೇನೋ ಅನಿಸಿತು. ಕೆಳಗೆ ಕದಂಬರ ಕಾಲದ ವೀರಗಲ್ಲುಗಳಿವೆ. ನಮ್ಮೂರ ಹನುಮಪ್ಪನ ಗುಡಿಯ ಮುಂದಿನ ವೀರಗಲ್ಲಿನಲ್ಲಿ ತುರುಗಳಿಗಾಗಿ ಕಾದಾಟ, ಕುದುರೆ, ಬಿಲ್ಲು. ಇಲ್ಲಿಯ ಕಲ್ಲಿನಲ್ಲಿ ಹಡಗು! ದನಕ್ಕಾಗಿಯಲ್ಲ, ಅಲೆಯ ಮೇಲೆ ಕಾದಾಡಿ ಸತ್ತವನು. ಕದಂಬ ದೊರೆ ಜಯಕೇಶಿಯ ರಾಜಧಾನಿ ಗೋಪಕಪಟ್ಟಣ ಜುವಾರಿ ನದಿಯ ದಂಡೆಯ ಬಂದರು ಎಂದು ನೂರು ಪುಟ ಓದುವುದಕ್ಕಿಂತ ಆ ಒಂದು ಕಲ್ಲು ಹೆಚ್ಚು ಹೇಳಿತು. ಸಮುದ್ರ ಕಾಣದ ನಾಡಿನವನು ನಾನು. ನನ್ನ ನುಡಿಯವರೂ ಹಡಗಿನಲ್ಲಿ ಸತ್ತಿದ್ದರೇನೋ ಎಂದು ಎದೆ ಝುಮ್ಮೆಂದಿತು.

ನುಡಿಯ ಮಾತು ಬಂತು, ಹೇಳಿಯೇ ಬಿಡುತ್ತೇನೆ. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ ಕೊಂಕಣಿಗೆ ಬರೆದ ವ್ಯಾಕರಣ 1640ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಅದರ ಹೆಸರಿನಲ್ಲಿ ಭಾಷೆಯನ್ನು ಕರೆದದ್ದು ‘ಕನಾರಿಂ’ ಎಂದು. ಆಗಿನ ಗೋವೆಯ ಹಳ್ಳಿಯ ಲೆಕ್ಕಪತ್ರಗಳನ್ನು ಬರೆಯುತ್ತಿದ್ದ ಲಿಪಿಗೂ ‘ಗೋಯ್ಕಾನಡಿ’ ಎಂದೇ ಹೆಸರು. ಕನ್ನಡ ಅಕ್ಷರದ ದಾಯಾದಿ ಅದು.

ಮೂರನೆಯ ದಿನ ಬಾಡಿಗೆಯ ಸ್ಕೂಟರ್ ಸಮೇತ ಫೆರಿ ಹತ್ತಿ ದಿವಾಡಿ ದ್ವೀಪಕ್ಕೆ ಹೋದೆವು. ಮಾಂಡೋವಿ ನಿಂತಂತೆ ಹರಿಯುತ್ತಿತ್ತು. ಗದ್ದೆ, ಖಾಜಾಣದ ಚೌಳುನೆಲ, ಕೊಕ್ಕರೆ, ಹಂಚಿನ ಮನೆಗಳ ನೀಲಿ ಹಳದಿ ಗೋಡೆ. ಹಿಂದೆ ಕೂತವಳು ಹುಡುಗಿಯಂತೆ ಹೆಗಲು ಹಿಡಿದಿದ್ದಳು. ಕದಂಬರ ಕುಲದೈವ ಸಪ್ತಕೋಟೀಶ್ವರನ ಗುಡಿ ಇದ್ದದ್ದು ಈ ದ್ವೀಪದಲ್ಲಿ. ಅವರ ಚಿನ್ನದ ನಾಣ್ಯದ ಮೇಲೂ ಅವನ ವರದ ಮಾತು. 16ನೆಯ ಶತಮಾನದಲ್ಲಿ ಗುಡಿ ಬಿತ್ತು, ಲಿಂಗವನ್ನು ಹೊಳೆ ದಾಟಿಸಿದರು. ನಾವೂ ಅದೇ ಹೊಳೆಯನ್ನು ಇನ್ನೊಂದು ಫೆರಿಯಲ್ಲಿ ದಾಟಿ ನಾರ್ವೆಗೆ ಹೋದೆವು. 1668ರಲ್ಲಿ ಶಿವಾಜಿ ಕಟ್ಟಿಸಿಕೊಟ್ಟ ಗುಡಿ ತಗ್ಗಿನಲ್ಲಿ, ಅಡಿಕೆ ತೆಂಗಿನ ನೆರಳಲ್ಲಿ ತಣ್ಣಗಿತ್ತು. ದೇವರೂ ನಮ್ಮಂತೆ ಹುಟ್ಟು ಹಾಕಿಸಿಕೊಂಡು ಬಂದವನು ಎಂದು ಅವಳಿಗೆ ಭಾರಿ ಪ್ರೀತಿ ಹುಟ್ಟಿತು. ಅರ್ಧ ತಾಸು ಎದ್ದೇಳಲಿಲ್ಲ.

ಕಡೆಯ ಸಂಜೆ ಮಾತ್ರ ಕರಾರಿನಂತೆ ಕಲಂಗುಟದ ದಂಡೆಯಲ್ಲಿ ಸುಮ್ಮನೆ ಕುಳಿತೆವು. ಸೂರ್ಯ ನೀರಿಗೆ ತಾಗುವ ಹೊತ್ತಿಗೆ ಕನ್ನಡಿಯ ರವಿಕೆ ತೊಟ್ಟ ಲಮಾಣಿ ಹೆಣ್ಣುಮಗಳೊಬ್ಬಳು ಕಾಲ್ಗೆಜ್ಜೆಗಳ ಗೊಂಚಲು ಹಿಡಿದು ಬಂದು ಹಿಂದಿಯಲ್ಲಿ ದರ ಹೇಳಿದಳು. “ಭಾಳ ಆತು ತಗೀ” ಎಂದಳು ನನ್ನವಳು, ನನ್ನತ್ತ ತಿರುಗಿ.

“ಅಯ್ಯs, ನಮ್ಮ ಕಡ್ಯಾವ್ರs ಅದೀರಲ್ಲs ಅಕ್ಕಾ!” ಆಕೆ ಅಲ್ಲೇ ಮಳಲಿನಲ್ಲಿ ಕೂತುಬಿಟ್ಟಳು. ಗದಗಿನ ಕಡೆಯ ತಾಂಡಾದವಳು. ಮಳೆಗಾಲಕ್ಕೆ ಊರಿಗೆ ಹೋಗಿ, ದೀಪಾವಳಿ ಕಳೆದ ಮೇಲೆ ಇಲ್ಲಿಗೆ ಬರುವವಳು.

“ದಿನಾ ಸಮುದ್ರ ನೋಡ್ತಿ, ಪುಣ್ಯಾ ಮಾಡಿ ಬಿಡವಾ” ಎಂದಳು ಹೆಂಡತಿ.

“ನೋಡಾಕ ಎಲ್ಲೈತಕ್ಕಾ ಹೊತ್ತು? ಆದ್ರ ಊರಿಗೆ ಹೋದಾಗ ಎಂಟು ದಿನ ನಿದ್ದಿ ಬರಂಗಿಲ್ಲ ನೋಡ್ರಿ. ಈ ಸಪ್ಪಳ ಇರಂಗಿಲ್ಲಲ್ಲ.”

ಗೆಜ್ಜೆಯ ಕೊಂಡಿ ಬಿಗಿಯಾಗಿತ್ತು. ಆಕೆಯೇ ಬಾಗಿ ಕಟ್ಟುತ್ತಿರುವಾಗ ಅಲೆಯೊಂದು ಬಂದು ಮೂವರ ಕಾಲೂ ನೆನೆಸಿತು.