ವೀಸಾ ಫೈಲಿನ ಕಥೆಗಳು – 4: ಅರ್ಜಿ ನಿಮ್ಮದಲ್ಲ, ಕಂಪನಿಯದು

"ಬೆಂಗಳೂರಲ್ಲಿ ಕೂತು ಅಮೆರಿಕದ ವೀಸಾ ಕೆಲಸ ಅದೇನು ಮಾಡ್ತೀಯ ಮಾರಾಯ್ತಿ?" ಅಂತ ನಮ್ಮ ಲಾ ಕಾಲೇಜ್ ಬ್ಯಾಚಿನವರು ಇನ್ನೂ ಕೇಳ್ತಾನೇ ಇರ್ತಾರೆ. ಅಲ್ಲಿನ ವಕೀಲರ ಆಫೀಸಿಗೆ ಇಲ್ಲಿಂದ ಫೈಲ್ ಸಿದ್ಧ ಮಾಡಿಕೊಡ್ತೀನಿ. ಮಾರ್ಚಲ್ಲಿ ಲಾಟರಿಗೆ ನೋಂದಣಿ, ಏಪ್ರಿಲ್ 1ರಿಂದ ಅರ್ಜಿ. ಯುಗಾದಿ ಬಂದಿದ್ದು ಪಕ್ಕದ ಮನೆ ಹೋಳಿಗೆ ವಾಸನೆಯಿಂದ ಗೊತ್ತಾಗುತ್ತೆ, ಅಷ್ಟೇ.

ನಮ್ಮ ಕಕ್ಷಿದಾರರು ವೀಸಾ ಬೇಕಾದ ಹುಡುಗ ಹುಡುಗೀರಲ್ಲ, ಅವರಿಗೆ ಕೆಲಸ ಕೊಡೋ ಕಂಪನಿಗಳು. "ನಾನು ಎಚ್-1ಬಿ ಹಾಕಿದೀನಿ" ಅಂತೀವಲ್ಲ, ನಿಜವಾಗಿ ಹಾಕೋದು ಕಂಪನಿ. ಅದಕ್ಕೂ ಮುಂಚೆ ಅಲ್ಲಿನ ಕಾರ್ಮಿಕ ಇಲಾಖೆಗೆ ಎಲ್‌ಸಿಎ ಅನ್ನೋ ಅರ್ಜಿ ಸಲ್ಲಿಸಬೇಕು. ನೋಡೋಕೆ ಫಾರಂ, ಒಳಗಿರೋದು ಸಹಿ ಹಾಕಿ ಕೊಟ್ಟ ಮಾತು: ಈ ಊರಲ್ಲಿ, ಈ ಕೆಲಸಕ್ಕೆ ನಡೀತಿರೋ ಸಂಬಳ, ನಮ್ಮಲ್ಲೇ ಅಂಥ ಕೆಲಸದವರಿಗೆ ಕೊಡೋ ಸಂಬಳ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕಿಂತ ಕಡಿಮೆ ಕೊಡಲ್ಲ ಅಂತ.

ಕಾಗದದಲ್ಲಿ ಒಂದು, ಆಫೀಸಲ್ಲಿ ಇನ್ನೊಂದು ಆದಾಗ ತೊಂದರೆ ಶುರು. ವಲಸೆ ಇಲಾಖೆಯ ಅಧಿಕಾರಿಗಳು ಹೇಳದೆ ಕೇಳದೆ ಬಂದು, ಇವರು ಎಲ್ಲಿ ಕೂರ್ತಾರೆ, ಏನು ಕೆಲಸ, ಎಷ್ಟು ಸಂಬಳ ಅಂತ ವಿಚಾರಿಸಬಹುದು. 2025ರ ಜನವರಿ 17ರಿಂದ ಜಾರಿಯಾದ ನಿಯಮದ ಪ್ರಕಾರ, ಸಹಕರಿಸದಿದ್ರೆ ಮಂಜೂರಾದ ಅರ್ಜಿಯೂ ರದ್ದಾಗಬಹುದು. ಸಂಬಳದ ಲೆಕ್ಕ ಕೆದಕೋದು ಕಾರ್ಮಿಕ ಇಲಾಖೆ.

ದೊಡ್ಡವರೂ ಇದರಿಂದ ಹೊರತಲ್ಲ. ಬಿಸಿನೆಸ್ ಭೇಟಿಗೆ ಕೊಡೋ ಬಿ-1 ವೀಸಾ ಬಳಕೆ ಬಗ್ಗೆ ಬಂದ ಆರೋಪಗಳ ಇತ್ಯರ್ಥಕ್ಕೆ ನಮ್ಮ ಬೆಂಗಳೂರಿನ ಇನ್ಫೋಸಿಸ್ 2013ರಲ್ಲಿ 34 ಮಿಲಿಯನ್ ಡಾಲರ್ ಕೊಡೋಕೆ ಒಪ್ಪಿತು. ವಂಚನೆ ಮಾಡಿದ್ದೀವಿ ಅಂತ ಒಪ್ಪಲಿಲ್ಲ. ನೇಮಕಾತಿ ದಾಖಲೆ ಐ-9ರಲ್ಲಿ ಲೋಪ ಇತ್ತು ಅಂತ ಒಪ್ಪಿಕೊಂಡಿತು.

ಈಗ ಒಂದು ಸಣ್ಣ ಫೈಲ್. ಗುರುತು ಸಿಗದ ಹಾಗೆ ಊರುಗಳನ್ನ ಬದಲಿಸಿದ್ದೀನಿ. ಟೆಕ್ಸಾಸ್‌ನ ಪುಟ್ಟ ಕಂಪನಿ. ಪ್ರಾಜೆಕ್ಟ್ ಮುಗೀತು ಅಂತ ಒಬ್ಬನನ್ನ ಬೆಂಚ್ ಮೇಲೆ ಕೂರಿಸಿ, ಎರಡು ತಿಂಗಳು ಸಂಬಳ ನಿಲ್ಲಿಸಿ, "ಏನಾದ್ರೂ ತೊಂದ್ರೆ ಇದೆಯಾ?" ಅಂತ ಕೇಳಿತ್ತು. ಪಾಸ್‌ಪೋರ್ಟ್ ಪ್ರತಿ ತೆರೆದೆ. ಹುಟ್ಟಿದ ಸ್ಥಳ: ದಾವಣಗೆರೆ.

ಬೆಂಚ್ ಮೇಲೆ ಕೂರಿಸಿದ್ದು ಕಂಪನಿಯೇ ಆದ್ರೆ ಸಂಬಳ ಕೊಡ್ಲೇಬೇಕು, ಇದು ಕಾನೂನು. ಅವನಿಗೆ ಗೊತ್ತಿದೆಯೋ ಇಲ್ವೋ. ಒಂದು ಮೆಸೇಜ್ ಹಾಕೋಣ ಅಂತ ಕೈ ತುರಿಸ್ತಿತ್ತು. ಹಾಕೋ ಹಾಗಿಲ್ಲ; ಕಕ್ಷಿದಾರರ ಗುಟ್ಟು ಗುಟ್ಟೇ. ನಮ್ಮ ಸೀನಿಯರ್ ಮೇಡಂ ಕಂಪನಿಗೆ ಬರೆದಿದ್ದು ಎರಡೇ ಸಾಲು: "ಮೊದಲು ಬಾಕಿ ಪೂರ್ತಿ ಕೊಡಿ. ಆಮೇಲೆ ಮಾತಾಡೋಣ." ಮೂರು ವಾರ ಆದ್ಮೇಲೆ ಫೈಲಿಗೆ ಎರಡು ಸಂಬಳದ ಚೀಟಿ ಬಂದು ಸೇರಿದವು.

ಮಾಲೀಕರ ಪರ ವಕೀಲಿಕೆ ಅಂದ್ರೆ ಅವರು ಮಾಡಿದ್ದನ್ನೆಲ್ಲ ಸರಿ ಅನ್ನೋದಲ್ಲ. ತನಿಖೆಯವರು ಬಾಗಿಲು ತಟ್ಟೋ ಮುಂಚೆ "ಇದು ತಪ್ಪು, ಸರಿ ಮಾಡಿ" ಅನ್ನೋದು. ಅದರಿಂದ ಕಂಪನಿಯೂ ಉಳೀತು, ಹುಡುಗನ ಬಾಡಿಗೆಯೂ ಕಟ್ಟಿ ಹೋಯ್ತು.

ಎಲ್ಲ ಕಂಪನಿಗಳೂ ಹೀಗೆ ಕೇಳೋಕೆ ಬರಲ್ಲ. ಹಾಗಾಗಿ ಹೊರಟವರು ಇಷ್ಟು ನೆನಪಿಟ್ಕೊಳ್ಳಿ:

• ಎಲ್‌ಸಿಎ ಪ್ರತಿ ಕೇಳಿ ಇಸ್ಕೊಳ್ಳಿ. ಕೆಲಸಕ್ಕೆ ಸೇರೋ ಹೊತ್ತಿಗೆ ಅದು ನಿಮ್ಮ ಕೈಲಿರ್ಬೇಕು.
• ಅರ್ಜಿಯ ವಕೀಲರ ಫೀಸು ಕಂಪನಿಯ ಖರ್ಚು. ಅದನ್ನ ಮುರ್ಕೊಂಡು, ಮಾತು ಕೊಟ್ಟ ಸಂಬಳಕ್ಕಿಂತ ಕಡಿಮೆ ಕೊಡೋ ಹಾಗಿಲ್ಲ.
• ಕೆಲಸದ ಜಾಗ ದಿನಾ ಓಡಾಡೋ ದೂರ ದಾಟಿ ಬೇರೆ ಊರಿಗೆ ಬದಲಾದ್ರೆ, ತಿದ್ದುಪಡಿ ಅರ್ಜಿ ಹಾಕಿದ್ದಾರಾ ಕೇಳಿ.
• ಸಂಬಳದ ಚೀಟಿಗಳನ್ನ ಜೋಪಾನ ಮಾಡಿ. ಅನ್ಯಾಯ ಆದ್ರೆ ಕಾರ್ಮಿಕ ಇಲಾಖೆಗೆ ಡಬ್ಲ್ಯುಎಚ್-4 ಫಾರಂನಲ್ಲಿ, 12 ತಿಂಗಳೊಳಗೆ ದೂರು ಕೊಡಬಹುದು. ದೂರು ಕೊಟ್ರು ಅಂತ ಕಂಪನಿ ಸೇಡು ತೀರಿಸ್ಕೊಳ್ಳೋದೂ ಕಾನೂನುಬಾಹಿರವೇ.

ಮುಂದಿನ ಕಂತು: ಕೆಲಸ ಹೋದ ಮೇಲೆ ಸಿಗೋ 60 ದಿನ. ನಿಮ್ಮ ಗೆಳೆಯರು ಯಾರಾದ್ರೂ ಈಗ ಬೆಂಚ್ ಮೇಲಿದ್ರೆ, ಇದನ್ನ ಇವತ್ತೇ ಕಳ್ಸಿ.