ಹಸಿರು ತಂತಿ

ಬಿ.ಎ. ಪಾಸು ಮಾಡಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಗಿರಿ ಮಾಡುವ ನಮಗೆ ಆಂಪ್ಲಿಫಯರ್ ಕಟ್ಟುವ ಉಸಾಬರಿ ಏಕೆಂದು ನಮ್ಮಾಕೆ ಕೇಳಿದ್ದುಂಟು. ಕೇಳಿದ್ದು ಸರಿಯೇ. ಆದರೆ ಮುಂಬಯಿಯಲ್ಲಿದ್ದು, ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳ ಮುಂದೆ ಹಾದು ಬರಿಗೈಯಲ್ಲಿ ಮನೆಗೆ ಬರುವುದು ಸುಲಭವಲ್ಲ. ಒಂದು ಟ್ರಾನ್ಸ್‌ಫಾರ್ಮರು, ನಾಲ್ಕಾರು ಟ್ರಾನ್ಸಿಸ್ಟರು, ಒಂದು ತಗಡಿನ ಪೆಟ್ಟಿಗೆ. ಎರಡು ತಿಂಗಳ ಭಾನುವಾರಗಳು ಕಳೆದು ನಮ್ಮ ಯಂತ್ರ ಸಿದ್ಧವಾಯಿತು.

ಹಾಡಿತು, ನಿಜ. ಆದರೆ ಲ್ಯಾಪ್‌ಟಾಪಿಗೆ ಜೋಡಿಸಿದೊಡನೆ ಹಾಡಿನ ಹಿಂದೆ ಜೇನ್ನೊಣದಂತೆ ‘ಗುಂಯ್’ ಎಂಬ ಸದ್ದು. ಪ್ಲಗ್ಗಿನ ಹಸಿರು ತಂತಿಯನ್ನು, ಎಂದರೆ ಭೂಸಂಪರ್ಕದ ಅರ್ತ್ ತಂತಿಯನ್ನು, ಬಿಚ್ಚಿದರೆ ಸದ್ದು ಅಡಗುವುದೆಂದು ಯಾರೋ ಹೇಳಿದರು. ಬಿಚ್ಚಿದೆವು. ಅಡಗಿತು! ನಮ್ಮ ಜಾಣ್ಮೆಗೆ ನಾವೇ ತಲೆದೂಗಿದೆವು.

ಗಣೇಶನ ಹಬ್ಬಕ್ಕೆ ನಮ್ಮ ಕಟ್ಟಡದ ಅಂಗಳದಲ್ಲಿ ಅದೇ ಯಂತ್ರ. ಸಂಜೆ ಮಳೆ ಬಂದು ನೆಲವೆಲ್ಲ ಒದ್ದೆ. ಲ್ಯಾಪ್‌ಟಾಪಿನ ಹಾಡಿಗೆ ಮಕ್ಕಳ ನೃತ್ಯ ಮುಗಿಯಿತು. ಅದರ ತಂತಿಯನ್ನು ಕಳಚಿಟ್ಟೆವು. ಮುಂದಿನದು ನಮ್ಮ ಒಂಬತ್ತು ವರ್ಷದ ಮಗಳ ದೇವರನಾಮ. ಬರಿಗಾಲಿನಲ್ಲಿ ನಿಂತು ಮೈಕು ಹಿಡಿದವಳು ಥಟ್ಟನೆ ಕೈಬಿಟ್ಟಳು.

“ಅಪ್ಪಾ, ಮೈಕು ಕಚ್ತು!”

ಸಭೆ ನಕ್ಕಿತು. ನಾವೂ ನಕ್ಕೆವು. ಮರುಗಳಿಗೆಯಲ್ಲಿ ಅರ್ಥವಾಗಿ, ಓಡಿಹೋಗಿ ಸ್ವಿಚ್ಚು ಆರಿಸಿದೆವು. ಮಗು ಮೈಕಿಲ್ಲದೆಯೇ ಹಾಡಿತು. ನಮಗೆ ಒಂದು ನುಡಿಯೂ ಕಿವಿಗೆ ಬೀಳಲಿಲ್ಲ.

ಮರುದಿನ, ವಿದ್ಯುತ್ ಕೆಲಸದಲ್ಲೇ ತಲೆ ನರೆತ ನೆರೆಮನೆಯ ಹಿರಿಯರೊಬ್ಬರು ಪೆಟ್ಟಿಗೆ ಬಿಚ್ಚಿ ನೋಡಿದರು. ಟ್ರಾನ್ಸ್‌ಫಾರ್ಮರಿನ ಸುರುಳಿಗಳ ನಡುವೆ ಅಷ್ಟಿಷ್ಟು ವಿದ್ಯುತ್ತು ಸೋರುವುದು ಸಹಜವಂತೆ. ಹಸಿರು ತಂತಿ ಇದ್ದರೆ ಅದು ನೆಲ ಸೇರುತ್ತದೆ. ಇಲ್ಲದಿದ್ದರೆ ಪೆಟ್ಟಿಗೆಯಿಂದ ಮೈಕಿಗೆ, ಮೈಕಿನಿಂದ ಹಿಡಿದವರ ಮೈಗೆ. ಅದುವರೆಗೆ ಲ್ಯಾಪ್‌ಟಾಪಿನ ಚಾರ್ಜರಿನ ಭೂಸಂಪರ್ಕವೇ ನಮ್ಮನ್ನು ಕಾಪಾಡಿತ್ತು. ಅದನ್ನೂ ಕಳಚಿದ್ದೆವಲ್ಲ! ಅಷ್ಟೇ ಅಲ್ಲ, ತಗಡಿನ ತೂತಿಗೆ ರಬ್ಬರ್ ಬಳೆ ಹಾಕದೆ, ಮೇನ್ಸ್ ತಂತಿಯ ಹೊದಿಕೆ ಅಂಚಿಗೆ ಉಜ್ಜಿ ಸವೆದಿತ್ತು. ಇನ್ನೊಂದು ಕೂದಲೆಳೆ ಸವೆದಿದ್ದರೆ ಪೆಟ್ಟಿಗೆಗೆಲ್ಲ 230 ವೋಲ್ಟು. ಹಿರಿಯರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವರ ಮುಂದೆಯೇ ತಿದ್ದಿದೆವು. ಹಸಿರು ತಂತಿಯನ್ನು ಬಣ್ಣ ಕೆರೆದ ತಗಡಿಗೆ, ಹಲ್ಲಿನ ವಾಷರು ಹಾಕಿ, ಬೇರೆಯದೇ ಬೋಲ್ಟಿನಿಂದ ಬಿಗಿದೆವು. ಒಳಗೆ ಅದನ್ನು ಮಿಕ್ಕೆರಡಕ್ಕಿಂತ ತುಸು ಉದ್ದ ಬಿಟ್ಟೆವು. ಯಾರಾದರೂ ಎಡವಿ ಎಳೆದರೂ ಅದು ಕಡೆಗೆ ಕಳಚಬೇಕು. ಪ್ಲಗ್ಗಿನ ಅರ್ತ್ ಪಿನ್ನನ್ನು ಉದ್ದವಾಗಿ ಮಾಡಿರುವುದೂ ಇದಕ್ಕೇ: ಮೊದಲು ಕೂಡಬೇಕು, ಕಡೆಗೆ ಬಿಡಬೇಕು. ಫ್ಯೂಸು ಫೇಸ್ ತಂತಿಯಲ್ಲಿ ಕುಳಿತಿತು. ತೂತಿಗೆ ರಬ್ಬರ್ ಬಳೆ ಬಂತು.

ಹಾಗಾದರೆ ಆ ‘ಗುಂಯ್’? ಎರಡು ಯಂತ್ರಗಳ ಭೂಸಂಪರ್ಕ ಸೇರಿ ಬಳೆಯಂತಾದಾಗ ಆ ಸದ್ದು ಹುಟ್ಟುತ್ತದೆ. ಪೆಟ್ಟಿಗೆಯನ್ನು ನೇರವಾಗಿ ಹಸಿರು ತಂತಿಗೇ ಬಿಟ್ಟು, ಒಳಗಿನ ಧ್ವನಿ ಸರ್ಕಿಟ್ಟಿನ ಸೊನ್ನೆ ತಂತಿಯನ್ನು ಮಾತ್ರ 10 ಓಮಿನ ರೆಸಿಸ್ಟರಿನ ಮೂಲಕ ಪೆಟ್ಟಿಗೆಗೆ ಸೇರಿಸಿದೆವು. ಜತೆಗೆ, ಅಪಾಯದ ಭಾರಿ ಪ್ರವಾಹ ತಡೆಯಿಲ್ಲದೆ ನೆಲ ಸೇರಲೆಂದು, ಅದರ ಪಕ್ಕದಲ್ಲೇ ಎದುರುಬದುರಾಗಿ ಎರಡು ದಪ್ಪ ಡಯೋಡುಗಳು. ಸದ್ದು ಕಿವಿಯಿಟ್ಟು ಆಲಿಸಬೇಕಾದಷ್ಟಾಯಿತು. ಮನೆಯ ಬೋರ್ಡಿಗೆ, 30 ಮಿಲಿಆಂಪಿಯರ್ ಸೋರಿದರೂ ವಿದ್ಯುತ್ತು ಕಡಿಯುವ ಆರ್‌ಸಿಸಿಬಿಯನ್ನೂ ಹಾಕಿಸಿದೆವು.

ವಾಚಕ ಬಂಧುಗಳ ಮನೆಗಳಲ್ಲೂ ಇಂಥ ಹವ್ಯಾಸದ ಹುಡುಗರಿದ್ದಾರು. ಅವರನ್ನು ತಡೆಯಬೇಡಿ, ಪ್ಲಗ್ಗನ್ನೊಮ್ಮೆ ಬಿಚ್ಚಿ ನೋಡಿ.

ಮರುವರ್ಷ ಹಬ್ಬ ಬಂತು. ಮೈಕು ಹಿಡಿಯುವ ಮುನ್ನ ಮಗಳು ನಮ್ಮತ್ತ ತಿರುಗಿ ಕೇಳಿದಳು: “ಹಸಿರು ತಂತಿ ಹಾಕಿದ್ದೀಯಾ, ಅಪ್ಪಾ?” ಮೊದಲು ನಾವೇ ಹಿಡಿದು ತೋರಿಸಿದೆವು. ಆಮೇಲೆ ಹಾಡಿದಳು.